ವ್ಯೂಹವಾಗಿ ಸುತ್ತುವ ಉಪಗ್ರಹಗಳು: ಆಕಾರ ಉಳಿಯುವುದು ಹೇಗೆ?

ಭೂಮಿಯಿಂದ 650 ಕಿ.ಮೀ. ಎತ್ತರದಲ್ಲಿ ಎರಡು ಉಪಗ್ರಹಗಳನ್ನು ಒಂದರ ಮೇಲೊಂದು ಬರುವಂತೆ, ನಡುವೆ ಕೇವಲ 100 ಮೀಟರ್ ಅಂತರ ಬಿಟ್ಟು, ವೃತ್ತಾಕಾರದ ಕಕ್ಷೆಗಳಲ್ಲಿ ಹಾರಿಬಿಟ್ಟಿದ್ದೇವೆ ಎಂದುಕೊಳ್ಳೋಣ. ಎರಡರ ವೇಗವೂ ಸೆಕೆಂಡಿಗೆ ಸುಮಾರು ಏಳೂವರೆ ಕಿ.ಮೀ.; ಭೂಮಿಯನ್ನು ಒಂದು ಸುತ್ತು ಬರಲು ಎರಡಕ್ಕೂ ಹತ್ತಿರಹತ್ತಿರ 98 ನಿಮಿಷ ಬೇಕು. ಇಷ್ಟು ದೊಡ್ಡ ಅಳತೆಗಳ ಮುಂದೆ 100 ಮೀಟರಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವ ಅಗತ್ಯವೇ ಇಲ್ಲವೆಂದು ತೋರುತ್ತದೆ. ಆದರೆ ಮೊದಲ ಸುತ್ತು ಮುಗಿಯುವ ಹೊತ್ತಿಗೆ ಮೇಲಿನ ಉಪಗ್ರಹ ಕೆಳಗಿನದಕ್ಕಿಂತ 940 ಮೀಟರ್ ಹಿಂದೆ ಉಳಿದಿರುತ್ತದೆ. ಒಂದು ದಿನ ಕಳೆಯುವುದರೊಳಗೆ ಆ ದೂರ ಸುಮಾರು 14 ಕಿ.ಮೀ. ಆಗಿರುತ್ತದೆ. ಮೇಲಿನದರ ಕಕ್ಷೆ ಉದ್ದ, ವೇಗ ಕಡಿಮೆ. ಈ ಎರಡೂ ಕಾರಣಗಳು ಸೇರಿ, ಎತ್ತರದಲ್ಲಿನ ಪ್ರತಿ ಒಂದು ಮೀಟರ್ ವ್ಯತ್ಯಾಸವು ಪ್ರತಿ ಸುತ್ತಿಗೆ ಒಂಬತ್ತು ಮೀಟರಿಗಿಂತ ಹೆಚ್ಚಿನ ಹಿನ್ನಡೆಯಾಗಿ ಬೆಳೆಯುತ್ತದೆ.

ಎಂಜಿನ್ ಉರಿಸಿ ಎರಡನ್ನೂ ಒಂದರ ಮೇಲೊಂದರಂತೆಯೇ ನಿಲ್ಲಿಸಬಹುದಲ್ಲ ಎಂಬ ಪ್ರಶ್ನೆ ಸಹಜವಾದದ್ದು. ಲೆಕ್ಕ ಹಾಕಿ ನೋಡಿದರೆ, ಹಾಗೆ ನಿಲ್ಲಿಸಲು ಪ್ರತಿದಿನ ಸೆಕೆಂಡಿಗೆ 30 ಮೀಟರಿನಷ್ಟು ವೇಗ ಬದಲಾವಣೆಯನ್ನು ಇಂಧನದಿಂದ ಪಡೆಯಬೇಕಾಗುತ್ತದೆ. ವರ್ಷಕ್ಕೆ ಅದು ಸೆಕೆಂಡಿಗೆ ಸುಮಾರು 11 ಕಿ.ಮೀ., ಅಂದರೆ ಉಪಗ್ರಹದ ಕಕ್ಷಾವೇಗಕ್ಕಿಂತಲೂ ಹೆಚ್ಚು. ಇಷ್ಟು ಇಂಧನವನ್ನು ಹೊತ್ತೊಯ್ಯುವ ಉಪಗ್ರಹವನ್ನು ಯಾರೂ ಕಟ್ಟಲಾರರು. ಆದ್ದರಿಂದ ಜೊತೆಯಾಗಿ ಹಾರುವ ಉಪಗ್ರಹಗಳ ವಿನ್ಯಾಸವು ನಮಗೆ ಬೇಕಾದ ಆಕಾರವನ್ನು ಕಾಗದದ ಮೇಲೆ ಬರೆದುಕೊಂಡು ಅದನ್ನು ಎಂಜಿನ್ ಬಲದಿಂದ ಹಿಡಿದಿಡುವ ಕೆಲಸವಲ್ಲ. ಗುರುತ್ವವು ತಾನಾಗಿ ಉಳಿಸಿಕೊಡುವ ಆಕಾರಗಳು ಯಾವುವು ಎಂದು ಮೊದಲು ಕಂಡುಕೊಂಡು, ಅವುಗಳಲ್ಲಿ ನಮ್ಮ ಕೆಲಸಕ್ಕೆ ಒದಗುವುದನ್ನು ಆರಿಸಿಕೊಳ್ಳುವ ಕೆಲಸ ಅದು. ಆ ಆಕಾರಗಳು ಸ್ಥಿರವಾಗಿ ನಿಲ್ಲುವಂಥವಲ್ಲ. ಪ್ರತಿ ಸುತ್ತಿನಲ್ಲೂ ಹಿಗ್ಗುತ್ತವೆ, ಕುಗ್ಗುತ್ತವೆ, ತಿರುಗುತ್ತವೆ, ಮತ್ತೆ ಮೊದಲಿನ ಸ್ಥಿತಿಗೆ ಬರುತ್ತವೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಹಲವು ಉಪಗ್ರಹಗಳು ಸೇರಿ ಒಂದು ಕೆಲಸ ಮಾಡುವುದೆಲ್ಲ ವ್ಯೂಹವಾಗುವುದಿಲ್ಲ. ಜಿಪಿಎಸ್ ವ್ಯವಸ್ಥೆಯ ಮೂಲ ವಿನ್ಯಾಸದಲ್ಲಿ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಆರು ಕಕ್ಷಾತಲಗಳಲ್ಲಿ (ಕಕ್ಷೆಯು ಮಲಗಿರುವ ಸಮತಲವೇ ಕಕ್ಷಾತಲ) ಹಂಚಿದ 24 ಸ್ಥಾನಗಳಿವೆ. ಅಲ್ಲಿ ಪ್ರತಿ ಉಪಗ್ರಹವೂ ತನಗೆ ಗೊತ್ತುಪಡಿಸಿದ ಸ್ಥಾನದ ಸುತ್ತಮುತ್ತ ಇದ್ದರೆ ಸಾಕು, ಪಕ್ಕದ ಉಪಗ್ರಹ ಎಲ್ಲಿದೆ ಎಂಬುದನ್ನು ನೋಡಿಕೊಂಡು ತನ್ನ ದಾರಿಯನ್ನು ತಿದ್ದಿಕೊಳ್ಳಬೇಕಾಗಿಲ್ಲ. ಇದನ್ನು ಉಪಗ್ರಹ ಪುಂಜ ಎನ್ನಬಹುದು. ವ್ಯೂಹದಲ್ಲಿ ಮುಖ್ಯವಾದದ್ದು ಉಪಗ್ರಹಗಳ ಪರಸ್ಪರ ಸ್ಥಾನ. ಒಂದರ ಚಲನೆಯನ್ನು ಮತ್ತೊಂದರ ಚಲನೆಗೆ ಹೋಲಿಸಿ ನಿಯಂತ್ರಿಸುವುದೇ ಅದರ ಲಕ್ಷಣ. ಎರಡರ ನಡುವೆ ನಿಲ್ಲುವ ಉದಾಹರಣೆಯೂ ಉಂಟು. 705 ಕಿ.ಮೀ. ಎತ್ತರದಲ್ಲಿ ಒಂದರ ಹಿಂದೊಂದು ಸಾಗಿದ ‘ಎ-ಟ್ರೇನ್’ ಎಂಬ ಸಾಲಿನಲ್ಲಿ ಅಕ್ವಾ, ಔರಾ, ಕ್ಲೌಡ್‌ಸ್ಯಾಟ್, ಕ್ಯಾಲಿಪ್ಸೋ ಮುಂತಾದ ಭೂವೀಕ್ಷಣಾ ಉಪಗ್ರಹಗಳಿದ್ದವು. ಬಹುಪಾಲು ಉಪಗ್ರಹಗಳು ತಮ್ಮ ತಮ್ಮ ಪರಿಧಿಯೊಳಗೆ ಇದ್ದುಕೊಂಡರೆ ಸಾಕಾಗಿತ್ತು. ಆದರೆ ಒಂದೇ ಮೋಡವನ್ನು ರಾಡಾರ್‌ನಿಂದಲೂ ಲೇಸರ್‌ನಿಂದಲೂ ನೋಡಬೇಕಿದ್ದ ಕ್ಲೌಡ್‌ಸ್ಯಾಟ್ ಮತ್ತು ಕ್ಯಾಲಿಪ್ಸೋ ಮಾತ್ರ ಕೆಲವೇ ಸೆಕೆಂಡುಗಳ ಅಂತರವನ್ನು ಬಿಗಿಯಾಗಿ ಕಾಯ್ದುಕೊಂಡವು.

ಜೊತೆಯಾಗಿ ಹಾರುವ ಉಪಗ್ರಹಗಳ ಚಲನೆಯನ್ನು ಅರ್ಥಮಾಡಿಕೊಳ್ಳಲು ಭೂಮಿಯ ಕೇಂದ್ರದಿಂದ ನೋಡುವುದನ್ನು ಬಿಟ್ಟು, ಆ ಉಪಗ್ರಹಗಳ ನಡುವಿನ ಒಂದು ಬಿಂದುವಿನಲ್ಲಿ ಕುಳಿತು ನೋಡಬೇಕು. ಆ ಬಿಂದುವಿನಲ್ಲಿ ನಿಜವಾದ ಉಪಗ್ರಹ ಇರಲೇಬೇಕೆಂದಿಲ್ಲ. ವೃತ್ತಾಕಾರದ ಕಕ್ಷೆಯಲ್ಲಿ ಸಾಗುತ್ತಿರುವ ಕಲ್ಪಿತ ಬಿಂದುವಾದರೂ ಆಗುತ್ತದೆ. ಅಲ್ಲಿಂದ ಮೂರು ದಿಕ್ಕುಗಳು: ಭೂಮಿಯಿಂದ ಹೊರಮುಖವಾಗಿ ಮೇಲೆ, ಸಾಗುವ ದಿಕ್ಕಿನಲ್ಲಿ ಮುಂದೆ, ಮತ್ತು ಕಕ್ಷಾತಲಕ್ಕೆ ಲಂಬವಾಗಿ ಅಡ್ಡಕ್ಕೆ. ಚಂದ್ರನ ಚಲನೆಯ ಅಧ್ಯಯನಕ್ಕಾಗಿ ಜಾರ್ಜ್ ವಿಲಿಯಂ ಹಿಲ್ 1878ರಲ್ಲಿ ಇಂಥ ಸುತ್ತುವ ಚೌಕಟ್ಟನ್ನು ಬಳಸಿದರು. ಬಾಹ್ಯಾಕಾಶದಲ್ಲಿ ಎರಡು ನೌಕೆಗಳನ್ನು ಹತ್ತಿರ ತರುವ ಸಮಸ್ಯೆಗಾಗಿ ಕ್ಲೊಹೆಸ್ಸಿ ಮತ್ತು ವಿಲ್ಟ್‌ಶೈರ್ 1960ರಲ್ಲಿ ಪ್ರಕಟಿಸಿದ ಸಮೀಕರಣಗಳು ಅದೇ ಚೌಕಟ್ಟಿನವು. ಇಂದಿಗೂ ವ್ಯೂಹ ವಿನ್ಯಾಸದ ಮೊದಲ ಕರಡು ಈ ಸಮೀಕರಣಗಳಿಂದಲೇ ಹುಟ್ಟುತ್ತದೆ. ಅವು ಹೇಳುವ ಸಂಗತಿಗಳು ಮೂರು.

ಮೊದಲನೆಯದನ್ನು ಆಗಲೇ ನೋಡಿದೆವು. ಎಲ್ಲ ಉಪಗ್ರಹಗಳೂ ಒಂದು ಸುತ್ತಿಗೆ ತೆಗೆದುಕೊಳ್ಳುವ ಕಾಲ ಒಂದೇ ಆಗಿರಬೇಕು. ಕಕ್ಷೆಯ ಆಕಾರ ಬೇರೆಯಾಗಿರಬಹುದು, ಅದು ವಾಲಿದ ಕೋನ ಬೇರೆಯಾಗಿರಬಹುದು. ಆದರೆ ಸುತ್ತಿನ ಕಾಲವನ್ನು ನಿರ್ಧರಿಸುವ ಅರ್ಧ ದೀರ್ಘಾಕ್ಷ, ಅಂದರೆ ಕಕ್ಷೆಯ ಅತಿ ಉದ್ದದ ಅಡ್ಡಳತೆಯ ಅರ್ಧ, ಸಮನಾಗಿರದಿದ್ದರೆ ವ್ಯೂಹ ಚದುರುತ್ತದೆ.

ಎರಡನೆಯದು ಹೆಚ್ಚು ಸ್ವಾರಸ್ಯದ್ದು. ಒಂದು ಉಪಗ್ರಹದ ಕಕ್ಷೆಯನ್ನು ವೃತ್ತದಿಂದ ತೀರಾ ಸ್ವಲ್ಪ ಚಪ್ಪಟೆ ಮಾಡಿ ದೀರ್ಘವೃತ್ತವಾಗಿಸಿದೆವು ಎನ್ನೋಣ, ಸುತ್ತಿನ ಕಾಲವನ್ನು ಮಾತ್ರ ಬದಲಾಯಿಸಲಿಲ್ಲ. ಅದು ಪ್ರತಿ ಸುತ್ತಿನಲ್ಲಿ ಒಮ್ಮೆ ಕಲ್ಪಿತ ಬಿಂದುವಿಗಿಂತ ಕೆಳಗೆ ಇಳಿಯುತ್ತದೆ, ಒಮ್ಮೆ ಮೇಲೆ ಏರುತ್ತದೆ. ಕೆಳಗಿರುವಾಗ ವೇಗ ಹೆಚ್ಚಿ ಮುಂದಕ್ಕೆ ಸರಿಯುತ್ತದೆ, ಮೇಲಿರುವಾಗ ನಿಧಾನಗೊಂಡು ಹಿಂದಕ್ಕೆ ಜಾರುತ್ತದೆ. ಕಲ್ಪಿತ ಬಿಂದುವಿನಿಂದ ನೋಡುವವರಿಗೆ ಆ ಉಪಗ್ರಹ ತಮ್ಮನ್ನೇ ಸುತ್ತುತ್ತಿರುವಂತೆ ಕಾಣುತ್ತದೆ. ಸುತ್ತುವ ದಾರಿ ಒಂದು ದೀರ್ಘವೃತ್ತ. ಅದರ ಹಿಂದು-ಮುಂದಿನ ಉದ್ದ ಮೇಲು-ಕೆಳಗಿನ ಎತ್ತರದ ಸರಿಯಾಗಿ ಎರಡು ಪಟ್ಟು. ಕಕ್ಷೆಯ ಉತ್ಕೇಂದ್ರತೆ, ಅಂದರೆ ಅದು ವೃತ್ತದಿಂದ ಎಷ್ಟು ದೂರ ಸರಿದಿದೆ ಎಂಬ ಅಳತೆ, ಕೇವಲ 0.0001 ಇದ್ದರೂ 650 ಕಿ.ಮೀ. ಎತ್ತರದಲ್ಲಿ ಉಪಗ್ರಹವು ಮಧ್ಯದಿಂದ ಮೇಲಕ್ಕೂ ಕೆಳಕ್ಕೂ 700 ಮೀಟರ್, ಹಿಂದಕ್ಕೂ ಮುಂದಕ್ಕೂ 1,400 ಮೀಟರ್ ಸರಿಯುತ್ತದೆ. ಈ ಎರಡಕ್ಕೊಂದರ ಪ್ರಮಾಣವನ್ನು ನಾವು ಆರಿಸಿಕೊಂಡಿಲ್ಲ, ಬದಲಾಯಿಸಲೂ ಆಗದು. ಮಧ್ಯದ ಬಿಂದುವಿನಲ್ಲಿ ಏನೂ ಇಲ್ಲ, ಯಾವ ದ್ರವ್ಯರಾಶಿಯೂ ಉಪಗ್ರಹವನ್ನು ತನ್ನತ್ತ ಎಳೆಯುತ್ತಿಲ್ಲ. ಆದರೂ ಭೂಮಿಯ ಗುರುತ್ವವೊಂದರಿಂದಲೇ ಉಪಗ್ರಹವು ಬರಿದಾದ ಜಾಗವೊಂದನ್ನು ಪ್ರದಕ್ಷಿಣೆ ಮಾಡುತ್ತಿರುತ್ತದೆ. ಕಕ್ಷಾ ಯಂತ್ರಶಾಸ್ತ್ರದಲ್ಲಿ ಇಷ್ಟು ಸುಂದರವಾದ ಫಲಿತಾಂಶಗಳು ಹೆಚ್ಚಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಅಡ್ಡ ದಿಕ್ಕಿನ ಚಲನೆ. ಒಂದು ಉಪಗ್ರಹದ ಕಕ್ಷಾತಲವನ್ನು ಸ್ವಲ್ಪ ಓರೆ ಮಾಡಿದರೆ ಅದು ಪ್ರತಿ ಸುತ್ತಿನಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗುತ್ತದೆ. ಈ ತೂಗಾಟಕ್ಕೂ ಮೇಲೆ ಹೇಳಿದ ದೀರ್ಘವೃತ್ತಕ್ಕೂ ನೇರ ಸಂಬಂಧವಿಲ್ಲವಾದರೂ ಎರಡರ ಆವರ್ತನ ಒಂದೇ. ಹೀಗಾಗಿ ಎರಡನ್ನೂ ಕೂಡಿಸಿ ಬೇಕಾದ ಆಕಾರಗಳನ್ನು ಹೆಣೆಯಬಹುದು. ಅಡ್ಡ ತೂಗಾಟದ ಅಳತೆಯನ್ನು ಹಿಂದು-ಮುಂದಿನ ಅಳತೆಗೆ ಸಮನಾಗಿಸಿ, ಎರಡರ ನಡುವೆ ಕಾಲು ಸುತ್ತಿನ ವ್ಯತ್ಯಾಸ ಇರಿಸಿದರೆ, ಭೂಮಿಯಿಂದ ನೋಡುವವರಿಗೆ ಉಪಗ್ರಹವು ಮಧ್ಯದ ಬಿಂದುವಿನ ಸುತ್ತ ವೃತ್ತವನ್ನೇ ಬರೆಯುತ್ತದೆ. ಕೆನಡಾದ ಕ್ಯಾನ್‌ಎಕ್ಸ್-4 ಮತ್ತು ಕ್ಯಾನ್‌ಎಕ್ಸ್-5 ಎಂಬ ಪುಟ್ಟ ಉಪಗ್ರಹಗಳು 2014ರಲ್ಲಿ ಇದನ್ನು ಮಾಡಿ ತೋರಿಸಿದವು. ಸುಮಾರು 20 ಸೆಂ.ಮೀ. ಘನದಷ್ಟು ಗಾತ್ರದ ಅವು ಮೊದಲು ಒಂದರ ಹಿಂದೊಂದು ಸಾಗಿ, ಬಳಿಕ ಇಂಥ ವೃತ್ತದಲ್ಲಿ 100 ಮೀಟರಿಗೂ ಕೊನೆಗೆ 50 ಮೀಟರಿಗೂ ಹತ್ತಿರವಾದವು. ಅಡ್ಡ ಅಳತೆಯನ್ನು ಮೇಲು-ಕೆಳಗಿನ ಅಳತೆಯ √3 ಪಟ್ಟು ಇರಿಸಿದರೆ ಇನ್ನೂ ವಿಶೇಷವಾದದ್ದು ಸಂಭವಿಸುತ್ತದೆ: ಮಧ್ಯದಿಂದ ಉಪಗ್ರಹಕ್ಕಿರುವ ನಿಜವಾದ ದೂರವೇ ಬದಲಾಗದೆ ಉಳಿಯುತ್ತದೆ, ಮತ್ತು ಆ ವೃತ್ತದ ತಲವು ಕಕ್ಷಾತಲಕ್ಕೆ 60 ಡಿಗ್ರಿ ವಾಲಿರುತ್ತದೆ. ಗುರುತ್ವ ಅಲೆಗಳನ್ನು ಅಳೆಯಲು ಯೂರೋಪಿನ ಬಾಹ್ಯಾಕಾಶ ಸಂಸ್ಥೆ 2035ರ ಹೊತ್ತಿಗೆ ಹಾರಿಸಲಿರುವ ಲೀಸಾದ ಮೂರು ನೌಕೆಗಳು 25 ಲಕ್ಷ ಕಿ.ಮೀ. ಬಾಹುಗಳ ತ್ರಿಕೋನವಾಗಿ ಸೂರ್ಯನನ್ನು ಸುತ್ತುವಾಗ ಅನುಸರಿಸುವುದೂ ಇದೇ 60 ಡಿಗ್ರಿಯ ಜ್ಯಾಮಿತಿಯನ್ನು. ಅಲ್ಲಿ ಭೂಮಿಯ ಬದಲು ಸೂರ್ಯ, ಅಷ್ಟೇ.

ಎಲ್ಲಕ್ಕಿಂತ ಸುಲಭವಾದ ವ್ಯೂಹ ಯಾವುದೆಂದರೆ ಒಂದೇ ಕಕ್ಷೆಯಲ್ಲಿ ಒಂದರ ಹಿಂದೊಂದು ಸಾಗುವುದು. ಇಲ್ಲಿ ಅಂತರವನ್ನು ಕಾಯಲು, ತಾತ್ವಿಕವಾಗಿ, ಇಂಧನವೇ ಬೇಡ. ಅಮೆರಿಕ ಮತ್ತು ಜರ್ಮನಿ ಜೊತೆಗೂಡಿ 2002ರ ಮಾರ್ಚ್ 17ರಂದು ಹಾರಿಸಿದ ಗ್ರೇಸ್ ಜೋಡಿ ಹೀಗೆ ಸುಮಾರು 220 ಕಿ.ಮೀ. ಅಂತರದಲ್ಲಿ 2017ರವರೆಗೆ ಸಾಗಿತು. ಮುಂದಿನ ಉಪಗ್ರಹ ಹೆಚ್ಚು ದ್ರವ್ಯರಾಶಿಯುಳ್ಳ ಪ್ರದೇಶವನ್ನು ಸಮೀಪಿಸಿದಾಗ ಅದರ ಎಳೆತಕ್ಕೆ ಸ್ವಲ್ಪ ಮುಂದೆ ಸರಿಯುತ್ತದೆ, ನಡುವಿನ ಅಂತರ ಹೆಚ್ಚುತ್ತದೆ; ಹಿಂದಿನದೂ ಅದೇ ಪ್ರದೇಶಕ್ಕೆ ಬಂದಾಗ ಅಂತರ ಮತ್ತೆ ಕುಗ್ಗುತ್ತದೆ. ಮೈಕ್ರೋವೇವ್ ಸಂಕೇತಗಳಿಂದ ಈ ಏರಿಳಿತವನ್ನು ಮೈಕ್ರೋಮೀಟರ್ ಮಟ್ಟದಲ್ಲಿ ಅಳೆದು, ಹಿಮನದಿಗಳ ಕರಗುವಿಕೆಯಿಂದ ಹಿಡಿದು ಅಂತರ್ಜಲದ ಇಳಿಕೆಯವರೆಗೆ ಭೂಮಿಯ ಮೇಲಿನ ನೀರಿನ ಚಲನೆಯನ್ನು ತೂಗಿ ನೋಡಲಾಯಿತು. ಇಲ್ಲಿ ವ್ಯೂಹವು ಉಪಕರಣವನ್ನು ಹೊರುವ ವಾಹನವಲ್ಲ, ವ್ಯೂಹವೇ ಉಪಕರಣ. 2018ರ ಮೇ 22ರಂದು ಹಾರಿದ ಗ್ರೇಸ್-ಎಫ್‌ಒ ಜೋಡಿ ಅದೇ ಕೆಲಸವನ್ನು ಮುಂದುವರಿಸಿದ್ದು, ಮೈಕ್ರೋವೇವ್ ಜೊತೆಗೆ ಲೇಸರ್ ಅಳತೆಯನ್ನೂ ಪ್ರಯೋಗಿಸಿತು.

ಈವರೆಗಿನ ಲೆಕ್ಕವೆಲ್ಲ ಭೂಮಿ ಪರಿಪೂರ್ಣ ಗೋಳ ಎಂಬ ಊಹೆಯ ಮೇಲೆ ನಿಂತಿದೆ. ಆದರೆ ಸಮಭಾಜಕದಲ್ಲಿ ಭೂಮಿಯ ತ್ರಿಜ್ಯ 6,378 ಕಿ.ಮೀ., ಧ್ರುವಗಳಲ್ಲಿ 6,357 ಕಿ.ಮೀ. ಸೊಂಟದ ಈ ಉಬ್ಬು ಪ್ರತಿ ಕಕ್ಷಾತಲವನ್ನೂ ನಿಧಾನವಾಗಿ ತಿರುಗಿಸುತ್ತಿರುತ್ತದೆ, ಮತ್ತು ಎಷ್ಟು ವೇಗವಾಗಿ ತಿರುಗಿಸುತ್ತದೆ ಎಂಬುದು ಕಕ್ಷೆಯ ಎತ್ತರವನ್ನೂ, ಸಮಭಾಜಕಕ್ಕೆ ಅದು ವಾಲಿರುವ ಓರೆಯನ್ನೂ ಅವಲಂಬಿಸಿರುತ್ತದೆ. ಇದರಿಂದ ಉಪಕಾರವೂ ಇದೆ. 650 ಕಿ.ಮೀ. ಎತ್ತರದಲ್ಲಿ ಸುಮಾರು 98 ಡಿಗ್ರಿ ಓರೆಯ ಕಕ್ಷೆಯನ್ನು ಆರಿಸಿಕೊಂಡರೆ ಅದು ದಿನಕ್ಕೆ ಸರಿಸುಮಾರು ಒಂದು ಡಿಗ್ರಿ ತಿರುಗಿ, ವರ್ಷವಿಡೀ ಸೂರ್ಯನಿಗೆ ಒಂದೇ ಕೋನದಲ್ಲಿ ಉಳಿಯುತ್ತದೆ. ಸೂರ್ಯ-ಸಮಕಾಲಿಕ ಕಕ್ಷೆ ಎನ್ನುವುದು ಇದನ್ನೇ. ಆದರೆ ವ್ಯೂಹದ ದೃಷ್ಟಿಯಿಂದ ಈ ಉಬ್ಬು ಒಂದು ಕಠಿಣ ಷರತ್ತನ್ನು ಹಾಕುತ್ತದೆ. ಎರಡು ಉಪಗ್ರಹಗಳ ಕಕ್ಷೆಗಳ ಓರೆಯಲ್ಲಿ ವ್ಯತ್ಯಾಸವಿದ್ದರೆ ಅವುಗಳ ತಲಗಳು ಬೇರೆ ಬೇರೆ ವೇಗದಲ್ಲಿ ತಿರುಗಿ ದೂರವಾಗುತ್ತವೆ. ಒಂದು ಕಿ.ಮೀ.ನಷ್ಟು ಅಡ್ಡ ತೂಗಾಟವನ್ನು ಓರೆಯ ವ್ಯತ್ಯಾಸದಿಂದ ಪಡೆದೆವು ಎನ್ನಿ. ಇದೇ ಕಕ್ಷೆಯಲ್ಲಿ ಎರಡು ತಲಗಳು ದಿನಕ್ಕೆ ಸುಮಾರು 120 ಮೀಟರಿನಂತೆ ಸರಿಯುತ್ತಾ ಹೋಗುತ್ತವೆ. ಅದನ್ನು ತಡೆಯಲು ವರ್ಷಕ್ಕೆ ಸೆಕೆಂಡಿಗೆ ಸುಮಾರು 48 ಮೀಟರಿನಷ್ಟು ವೇಗ ಬದಲಾವಣೆ ಬೇಕು. ಇದೇ ಅಡ್ಡ ತೂಗಾಟವನ್ನು ಓರೆ ಸಮನಾಗಿಟ್ಟು, ಕಕ್ಷೆಗಳು ಸಮಭಾಜಕವನ್ನು ದಾಟುವ ಬಿಂದುಗಳನ್ನು, ಅಂದರೆ ಪಾತಬಿಂದುಗಳನ್ನು, ಬೇರೆ ಮಾಡಿ ಪಡೆದರೆ ಎರಡು ತಲಗಳೂ ಒಂದೇ ವೇಗದಲ್ಲಿ ತಿರುಗುತ್ತವೆ, ಇಂಧನದ ಖರ್ಚು ಬಹುತೇಕ ಇಲ್ಲವಾಗುತ್ತದೆ. ಅನುಭವಿ ವಿನ್ಯಾಸಕರು ಸಾಧ್ಯವಾದಲ್ಲೆಲ್ಲ ಎರಡನೆಯ ದಾರಿಯನ್ನೇ ಹಿಡಿಯುವುದು ಇದಕ್ಕಾಗಿ.

ಆದರೆ ಪಾತಬಿಂದುಗಳನ್ನು ಬೇರೆ ಮಾಡಿದಾಗ ಎರಡು ಕಕ್ಷೆಗಳು ಸಮಭಾಜಕದ ಮೇಲೆ ದೂರವಿದ್ದು, ಧ್ರುವಗಳ ಬಳಿ ಒಂದನ್ನೊಂದು ದಾಟುತ್ತವೆ. ಎರಡು ಉಪಗ್ರಹಗಳೂ ಏಕಕಾಲಕ್ಕೆ ಆ ದಾಟುವ ಬಿಂದುವಿಗೆ ಬಂದರೆ ಡಿಕ್ಕಿ ಖಚಿತ. ಭೂಮಿಯ ಕಾಂತಕ್ಷೇತ್ರವನ್ನು ಅಳೆಯಲು 2013ರಲ್ಲಿ ಹಾರಿದ ಸ್ವಾರ್ಮ್ ಯೋಜನೆಯ ಪಕ್ಕಪಕ್ಕದ ಜೋಡಿಯಲ್ಲಿ ಒಂದನ್ನು ಮತ್ತೊಂದಕ್ಕಿಂತ ಕೆಲವು ಸೆಕೆಂಡುಗಳಷ್ಟು ಹಿಂದಿಟ್ಟು ಈ ಅಪಾಯವನ್ನು ತಪ್ಪಿಸಲಾಗಿದೆ. ಇನ್ನೂ ಹತ್ತಿರ ಹಾರಬೇಕಾದವರಿಗೆ ಅದು ಸಾಲದು. ಏಕೆಂದರೆ ಹಿಂದು-ಮುಂದಿನ ಅಂತರವೇ ಎಲ್ಲಕ್ಕಿಂತ ನಂಬಲಾಗದ ಅಂತರ. ಎತ್ತರದಲ್ಲಿ ಒಂದೇ ಮೀಟರಿನ ತಪ್ಪು ಉಳಿದರೂ ಅದು ದಿನಕ್ಕೆ ಸುಮಾರು 140 ಮೀಟರ್ ಕೆಡುತ್ತದೆ.

ಇದಕ್ಕೆ ಕಂಡುಕೊಂಡ ಉತ್ತರವನ್ನು ಜರ್ಮನಿಯ ಟೆರಾಸಾರ್-ಎಕ್ಸ್ ಮತ್ತು ಟ್ಯಾಂಡೆಮ್-ಎಕ್ಸ್ ರಾಡಾರ್ ಜೋಡಿಯಲ್ಲಿ ಚೆನ್ನಾಗಿ ನೋಡಬಹುದು. ಮೊದಲನೆಯದು 2007ರಲ್ಲಿ, ಎರಡನೆಯದು 2010ರ ಜೂನ್ 21ರಂದು ಹಾರಿದವು. ಎತ್ತರ ಸುಮಾರು 514 ಕಿ.ಮೀ. ಒಂದೇ ನೆಲವನ್ನು ಎರಡು ಕಣ್ಣುಗಳಂತೆ ಬೇರೆ ಬೇರೆ ಕೋನದಿಂದ ಏಕಕಾಲಕ್ಕೆ ನೋಡಿ, ಬೆಟ್ಟ-ಕಣಿವೆಗಳ ಎತ್ತರವನ್ನು ಅಳೆಯುವುದು ಅವುಗಳ ಕೆಲಸ. ಅದಕ್ಕಾಗಿ ನೂರಾರು ಮೀಟರುಗಳಷ್ಟೇ ಅಂತರದಲ್ಲಿ ಅವು ವರ್ಷಗಟ್ಟಲೆ ಹಾರಬೇಕಿತ್ತು. ವಿನ್ಯಾಸಕರು ಪಾತಬಿಂದುಗಳನ್ನು ಬೇರೆ ಮಾಡಿ ಸಮಭಾಜಕದ ಬಳಿ ಅಡ್ಡ ಅಂತರವನ್ನು ಪಡೆದರು. ಉತ್ಕೇಂದ್ರತೆಯ ವ್ಯತ್ಯಾಸವನ್ನು ಧ್ರುವಗಳ ಬಳಿ ಮೇಲು-ಕೆಳಗಿನ ಅಂತರ ಗರಿಷ್ಠವಾಗುವಂತೆ ಹೊಂದಿಸಿದರು. ಹೀಗೆ ಅಡ್ಡ ಅಂತರ ಸೊನ್ನೆಯಾಗುವ ಜಾಗದಲ್ಲಿ ಒಂದು ಮೇಲೆ ಮತ್ತೊಂದು ಕೆಳಗೆ ಇರುತ್ತದೆ, ಮೇಲು-ಕೆಳಗಿನ ಅಂತರ ಸೊನ್ನೆಯಾಗುವ ಜಾಗದಲ್ಲಿ ಎರಡೂ ಅಕ್ಕಪಕ್ಕಕ್ಕೆ ಇರುತ್ತವೆ. ಒಂದರ ದಾರಿ ಮತ್ತೊಂದರ ದಾರಿಯನ್ನು ಸುರುಳಿಯಂತೆ ಸುತ್ತುತ್ತದೆಯೇ ಹೊರತು ಎಲ್ಲಿಯೂ ಮುಟ್ಟುವುದಿಲ್ಲ. ಹಿಂದು-ಮುಂದಿನ ಅಂತರದ ಲೆಕ್ಕ ಸಂಪೂರ್ಣ ತಪ್ಪಿದರೂ, ಒಂದು ಉಪಗ್ರಹ ಮತ್ತೊಂದನ್ನು ಹಿಂದಿಕ್ಕಿ ಹೋದರೂ, ಡಿಕ್ಕಿಯಾಗದು. ಈ ಉಪಾಯ ಮೂಲತಃ ಭೂಸ್ಥಿರ ಕಕ್ಷೆಯಲ್ಲಿ ಒಂದೇ ಸ್ಥಾನವನ್ನು ಹಂಚಿಕೊಳ್ಳುವ ಸಂವಹನ ಉಪಗ್ರಹಗಳಿಗಾಗಿ ರೂಪುಗೊಂಡದ್ದು. ಈ ಜೋಡಿ ಒದಗಿಸಿದ ದತ್ತಾಂಶದಿಂದ ಇಡೀ ಭೂಮಿಯ ಎತ್ತರದ ನಕ್ಷೆ 2016ರಲ್ಲಿ ಸಿದ್ಧವಾಯಿತು.

ಆ ಸುರುಳಿಯೂ ತಾನಾಗಿಯೇ ಚಿರಕಾಲ ಉಳಿಯುವುದಿಲ್ಲ. ಭೂಮಿಯ ಅದೇ ಉಬ್ಬು ಕಕ್ಷೆಯ ಭೂಸಮೀಪ ಬಿಂದುವಿನ ದಿಕ್ಕನ್ನೂ ತಿರುಗಿಸುತ್ತದೆ. ಆ ಎತ್ತರಗಳಲ್ಲಿ, ಧ್ರುವಗಳ ಸಮೀಪ ಹಾಯುವ ಕಕ್ಷೆಗಳಲ್ಲಿ, ಪೂರ್ತಿ ಒಂದು ತಿರುವಿಗೆ ಮೂರೂವರೆ ತಿಂಗಳಿನಷ್ಟು ಕಾಲ ಸಾಕು. ತಡೆಯದೆ ಬಿಟ್ಟರೆ, ಧ್ರುವಗಳ ಬಳಿ ಗರಿಷ್ಠವಾಗಿದ್ದ ಮೇಲು-ಕೆಳಗಿನ ಅಂತರ ಒಂದು ತಿಂಗಳೊಳಗೆ ಸಮಭಾಜಕದತ್ತ ಸರಿದು ರಕ್ಷಣೆ ಇಲ್ಲವಾಗುತ್ತದೆ. ಆದ್ದರಿಂದ ಸಣ್ಣ ಸಣ್ಣ ತಿದ್ದುಪಡಿಗಳು ದಿನನಿತ್ಯದ ಕೆಲಸವಾಗುತ್ತವೆ.

ವಾತಾವರಣದ ಎಳೆತವನ್ನೂ ಇಲ್ಲಿಯೇ ಹೇಳಿಬಿಡಬೇಕು. 500 ಕಿ.ಮೀ. ಎತ್ತರದಲ್ಲೂ ಅತ್ಯಲ್ಪ ಗಾಳಿ ಇದೆ, ಅದು ಪ್ರತಿ ಉಪಗ್ರಹವನ್ನೂ ನಿಧಾನವಾಗಿ ಕೆಳಗಿಳಿಸುತ್ತದೆ. ಎಲ್ಲವೂ ಸಮನಾಗಿ ಇಳಿದರೆ ವ್ಯೂಹಕ್ಕೆ ಹಾನಿಯಿಲ್ಲ. ಕೆಡಿಸುವುದು ಇಳಿಕೆಯಲ್ಲಿನ ವ್ಯತ್ಯಾಸ. ಅದಕ್ಕಾಗಿಯೇ ವ್ಯೂಹದ ಉಪಗ್ರಹಗಳನ್ನು ಆದಷ್ಟೂ ಒಂದೇ ಆಕಾರ, ಒಂದೇ ತೂಕದಲ್ಲಿ ಕಟ್ಟುತ್ತಾರೆ. ಈ ವ್ಯತ್ಯಾಸವನ್ನೇ ಬುದ್ಧಿವಂತಿಕೆಯಿಂದ ಬಳಸಿಕೊಳ್ಳುವುದೂ ಉಂಟು. 2016ರಲ್ಲಿ ಹಾರಿದ ಸಿಗ್ನಸ್ ಯೋಜನೆಯ ಎಂಟು ಸಣ್ಣ ಉಪಗ್ರಹಗಳು ಥ್ರಸ್ಟರ್ (ದಾರಿ ತಿದ್ದುವ ಪುಟ್ಟ ಎಂಜಿನ್) ಬಳಸದೆ, ದೇಹವನ್ನು ಓರೆಯಾಗಿ ಹಿಡಿದು ಗಾಳಿಯ ಎಳೆತವನ್ನು ಹೆಚ್ಚಿಸಿಕೊಳ್ಳುತ್ತಾ ಕಕ್ಷೆಯಲ್ಲಿ ತಮ್ಮ ನಡುವಿನ ಅಂತರವನ್ನು ಹೊಂದಿಸಿಕೊಂಡವು.

ಉದ್ದನೆಯ ದೀರ್ಘವೃತ್ತದ ಕಕ್ಷೆಗಳಲ್ಲಿ ಕಥೆಯೇ ಬೇರೆ. ಅಲ್ಲಿ ಎರಡಕ್ಕೊಂದರ ಸರಳ ದೀರ್ಘವೃತ್ತ ಉಳಿಯುವುದಿಲ್ಲ, ವ್ಯೂಹದ ಆಕಾರ ಕಕ್ಷೆಯ ಉದ್ದಕ್ಕೂ ವಿಪರೀತವಾಗಿ ಬದಲಾಗುತ್ತದೆ. ನಾಸಾ 2015ರ ಮಾರ್ಚ್‌ನಲ್ಲಿ ಹಾರಿಸಿದ ಎಂಎಂಎಸ್ ಯೋಜನೆಯ ನಾಲ್ಕು ಉಪಗ್ರಹಗಳು ಚತುರ್ಮುಖ ಘನದ, ಅಂದರೆ ತ್ರಿಕೋನ ಪಾದದ ಪಿರಮಿಡ್ಡಿನ, ನಾಲ್ಕು ಮೂಲೆಗಳಂತೆ ನಿಲ್ಲುತ್ತವೆ. ಕಾಂತಕ್ಷೇತ್ರವು ಮೂರೂ ದಿಕ್ಕುಗಳಲ್ಲಿ ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಕನಿಷ್ಠ ನಾಲ್ಕು ಬಿಂದುಗಳು ಬೇಕು, ಅವು ಒಂದೇ ತಲದಲ್ಲಿ ಇರಬಾರದು. 2016ರಲ್ಲಿ ಅವು ಪರಸ್ಪರ ಸುಮಾರು 7 ಕಿ.ಮೀ. ಅಂತರದವರೆಗೆ ಹತ್ತಿರ ಬಂದಿದ್ದವು. ಆದರೆ ಆ ಸುಂದರ ಆಕಾರ ಕಕ್ಷೆಯ ಒಂದು ಭಾಗದಲ್ಲಿ, ವಿಜ್ಞಾನಿಗಳಿಗೆ ಬೇಕಾದ ಪ್ರದೇಶದಲ್ಲಿ ಮಾತ್ರ ಕೂಡಿಬರುತ್ತದೆ. ಉಳಿದೆಡೆ ಚಪ್ಪಟೆಯಾಗುತ್ತದೆ, ಹಿಗ್ಗುತ್ತದೆ. ವಿನ್ಯಾಸಕರು ಅದನ್ನು ತಡೆಯಲು ಹೋಗದೆ, ಬೇಕಾದ ಜಾಗದಲ್ಲಿ ಆಕಾರ ಸರಿಬರುವಂತೆ ನಾಲ್ಕು ಕಕ್ಷೆಗಳನ್ನು ಆರಿಸಿಕೊಂಡರು.

ಯೂರೋಪಿನ ಪ್ರೋಬಾ-3 ಇನ್ನೊಂದು ದಾರಿ ಹಿಡಿಯಿತು. 2024ರ ಡಿಸೆಂಬರ್ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ59 ರಾಕೆಟ್ಟಿನಲ್ಲಿ ಹಾರಿದ ಈ ಜೋಡಿಯಲ್ಲಿ ಒಂದು ಉಪಗ್ರಹ 1.4 ಮೀಟರ್ ವ್ಯಾಸದ ತಟ್ಟೆಯಿಂದ ಸೂರ್ಯಬಿಂಬವನ್ನು ಮರೆಮಾಡುತ್ತದೆ. ಅದರ ನೆರಳಿನಲ್ಲಿ ಸುಮಾರು 150 ಮೀಟರ್ ಹಿಂದೆ ನಿಂತ ಇನ್ನೊಂದು ಉಪಗ್ರಹ ಸೂರ್ಯನ ಕರೋನಾವನ್ನು, ಅಂದರೆ ಅದರ ಹೊರ ವಾತಾವರಣವನ್ನು, ಚಿತ್ರಿಸುತ್ತದೆ. ಎರಡೂ ಸೂರ್ಯನೊಂದಿಗೆ ಒಂದೇ ಸಾಲಿನಲ್ಲಿ ಮಿಲಿಮೀಟರ್ ಮಟ್ಟದ ನಿಖರತೆಯಲ್ಲಿ ನಿಲ್ಲಬೇಕು. ಗುರುತ್ವ ತಾನಾಗಿ ಕೊಡುವ ಆಕಾರ ಇದಲ್ಲ, ಬಲದಿಂದಲೇ ಹಿಡಿದಿಡಬೇಕಾದದ್ದು. ಹಾಗಿದ್ದೂ ಇದು ಸಾಧ್ಯವಾದದ್ದು ಕಕ್ಷೆಯ ಆಯ್ಕೆಯಿಂದ. ಅದರ ಭೂಸಮೀಪ ಬಿಂದು ಸುಮಾರು 600 ಕಿ.ಮೀ. ಎತ್ತರದಲ್ಲಿದ್ದರೆ ಭೂದೂರ ಬಿಂದು 60,000 ಕಿ.ಮೀ.ಗೂ ಆಚೆ ಇದೆ. ಎರಡು ಉಪಗ್ರಹಗಳನ್ನು ಬೇರ್ಪಡಿಸುವ ಗುರುತ್ವದ ವ್ಯತ್ಯಾಸವು ಭೂಮಿಯ ಕೇಂದ್ರದಿಂದ ಇರುವ ದೂರದ ಘನಕ್ಕೆ ಅನುಗುಣವಾಗಿ ಇಳಿಯುವುದರಿಂದ, ಭೂದೂರ ಬಿಂದುವಿನಲ್ಲಿ ಅದು ಭೂಸಮೀಪ ಬಿಂದುವಿನಲ್ಲಿ ಇರುವುದಕ್ಕಿಂತ ಸುಮಾರು 880 ಪಟ್ಟು ದುರ್ಬಲ. ಸುಮಾರು 20 ಗಂಟೆಗಳ ಪ್ರತಿ ಸುತ್ತಿನಲ್ಲಿ ಭೂದೂರ ಬಿಂದುವಿನ ಆಸುಪಾಸಿನ ಆರು ಗಂಟೆ ಮಾತ್ರ ಸಾಲು ಕಟ್ಟಿ, ಉಳಿದ ಕಾಲ ಡಿಕ್ಕಿಯಾಗದಂಥ ದಾರಿಗಳಲ್ಲಿ ಅವುಗಳನ್ನು ಬಿಟ್ಟುಬಿಡುತ್ತಾರೆ. 2025ರಲ್ಲಿ ಈ ಜೋಡಿ ತೆಗೆದ ಕರೋನಾದ ಮೊದಲ ಚಿತ್ರಗಳು ಹೊರಬಂದವು.

ಇಷ್ಟೆಲ್ಲ ನಿಖರತೆ ಸಾಧ್ಯವಾಗಬೇಕಾದರೆ ಪರಸ್ಪರ ಸ್ಥಾನ ಗೊತ್ತಿರಬೇಕಲ್ಲವೇ? ಕೆಳ ಕಕ್ಷೆಗಳಲ್ಲಿ ಈ ಕೆಲಸ ಮುಖ್ಯವಾಗಿ ಜಿಪಿಎಸ್‌ನಿಂದ ನಡೆಯುತ್ತದೆ. ಹತ್ತಿರದ ಎರಡು ಉಪಗ್ರಹಗಳು ಒಂದೇ ಜಿಪಿಎಸ್ ಸಂಕೇತಗಳನ್ನು ಕೇಳಿಸಿಕೊಳ್ಳುವುದರಿಂದ ಗಡಿಯಾರದ ದೋಷ, ಕಕ್ಷೆಯ ದೋಷ ಮುಂತಾದವು ಎರಡರಲ್ಲೂ ಬಹುತೇಕ ಸಮನಾಗಿರುತ್ತವೆ. ಒಂದರ ಅಳತೆಯಿಂದ ಮತ್ತೊಂದನ್ನು ಕಳೆದಾಗ ಅವು ಅಳಿಸಿಹೋಗುತ್ತವೆ. ಸಂಕೇತದ ಅಲೆಯ ಹಂತವನ್ನೇ ಅಳೆದರೆ ಪರಸ್ಪರ ಸ್ಥಾನವನ್ನು ಮಿಲಿಮೀಟರ್ ಮಟ್ಟಕ್ಕೂ ತರಬಹುದು, ಪ್ರತಿ ಉಪಗ್ರಹದ ಸ್ವಂತ ಸ್ಥಾನ ಅಷ್ಟು ನಿಖರವಾಗಿ ಗೊತ್ತಿಲ್ಲದಿದ್ದರೂ ಸರಿಯೇ. ಎತ್ತರದ ಕಕ್ಷೆಗಳಲ್ಲಿ ಜಿಪಿಎಸ್ ಸಂಕೇತ ಕ್ಷೀಣವಾಗುತ್ತದೆಯಾದರೂ ಎಂಎಂಎಸ್ ಉಪಗ್ರಹಗಳು 1,87,000 ಕಿ.ಮೀ. ದೂರದಲ್ಲೂ ಅದನ್ನು ಬಳಸಿಕೊಂಡಿವೆ. ಪ್ರೋಬಾ-3ರಲ್ಲಿ ಕೊನೆಯ ಹಂತದ ಸೂಕ್ಷ್ಮ ಅಳತೆಗೆ ಕ್ಯಾಮೆರಾ ಮತ್ತು ಲೇಸರ್‌ಗಳಿವೆ.

ಇನ್ನು ದೊಡ್ಡ ಸಂಖ್ಯೆಯ ವ್ಯೂಹಗಳ ವಿಚಾರ. 2025ರ ನವೆಂಬರ್‌ನಲ್ಲಿ ಗೂಗಲ್ ಪ್ರಕಟಿಸಿದ ಸನ್‌ಕ್ಯಾಚರ್ ಎಂಬ ಸಂಶೋಧನಾ ಯೋಜನೆಯಲ್ಲಿ, ಸೌರಶಕ್ತಿಯಿಂದ ನಡೆಯುವ ಗಣಕಗಳನ್ನು ಹೊತ್ತ 81 ಉಪಗ್ರಹಗಳು 650 ಕಿ.ಮೀ. ಎತ್ತರದಲ್ಲಿ ಒಂದು ಕಿ.ಮೀ. ತ್ರಿಜ್ಯದೊಳಗೆ ಗುಂಪಾಗಿ ಹಾರುವ ಮಾದರಿಯೊಂದನ್ನು ವಿವರಿಸಲಾಗಿದೆ. ಕಕ್ಷೆ ಹಗಲು-ರಾತ್ರಿಯ ಗಡಿಯ ಮೇಲೆ ಸಾಗುವ ಸೂರ್ಯ-ಸಮಕಾಲಿಕ ಕಕ್ಷೆ. ಇಷ್ಟು ಹತ್ತಿರ ಏಕೆಂದರೆ, ಉಪಗ್ರಹಗಳ ನಡುವೆ ಬೆಳಕಿನ ಮೂಲಕ ಭಾರೀ ಪ್ರಮಾಣದ ದತ್ತಾಂಶ ಹರಿಯಬೇಕು. ಚದುರುವ ಬೆಳಕಿನಲ್ಲಿ ಎದುರು ತುದಿಗೆ ತಲುಪುವ ಪಾಲು ದೂರದ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಆ ಮಾದರಿಯಲ್ಲಿ ನೆರೆಯ ಉಪಗ್ರಹಗಳ ಅಂತರ 100ರಿಂದ 200 ಮೀಟರುಗಳ ನಡುವೆ ಏರಿಳಿಯುತ್ತದೆ.

ಈ ಎರಡು ಸಂಖ್ಯೆಗಳು ಎಲ್ಲಿಂದ ಬಂದವೆಂದು ಈಗ ಊಹಿಸಬಹುದು. ಒಂದೇ ಕಕ್ಷಾತಲದಲ್ಲಿರುವ ಪ್ರತಿ ಉಪಗ್ರಹವೂ ಮಧ್ಯದ ಬಿಂದುವನ್ನು ಎರಡಕ್ಕೊಂದರ ದೀರ್ಘವೃತ್ತದಲ್ಲಿ ಸುತ್ತುತ್ತದೆ. ಎರಡು ಇಂಥ ಚಲನೆಗಳ ವ್ಯತ್ಯಾಸವೂ ಅದೇ ಬಗೆಯ ದೀರ್ಘವೃತ್ತವೇ ಆಗಿರುವುದರಿಂದ, ವ್ಯೂಹದ ಯಾವ ಎರಡು ಉಪಗ್ರಹಗಳನ್ನು ಆರಿಸಿದರೂ ಅವು ಒಂದನ್ನೊಂದು ಎರಡಕ್ಕೊಂದರ ದೀರ್ಘವೃತ್ತದಲ್ಲಿ ಸುತ್ತುತ್ತಿರುತ್ತವೆ. ಮಧ್ಯ ಎನ್ನುವುದು ವಿಶೇಷ ಸ್ಥಾನವೇ ಅಲ್ಲ. ಚೌಕಜಾಲವೊಂದನ್ನು ಬಿಗಿಯಾಗಿ ತಿರುಗಿಸುತ್ತಾ, ಆ ಚಿತ್ರವನ್ನು ಸಾಗುವ ದಿಕ್ಕಿನಲ್ಲಿ ಮಾತ್ರ ಎರಡು ಪಟ್ಟು ಹಿಗ್ಗಿಸಿ ನೋಡಿದರೆ ಇಡೀ ವ್ಯೂಹದ ಚಲನೆ ಕಣ್ಣಿಗೆ ಕಟ್ಟುತ್ತದೆ. ಜಾಲದ ನೆರೆಯ ಬಿಂದುಗಳ ಅಂತರ 100 ಮೀಟರ್ ಇದ್ದರೆ, ಜೋಡಿಯು ಮೇಲು-ಕೆಳಗಾಗಿ ಬಂದಾಗ ಅಂತರ 100 ಮೀಟರ್, ಹಿಂದು-ಮುಂದಾಗಿ ಬಂದಾಗ 200 ಮೀಟರ್, ಪ್ರತಿ ಸುತ್ತಿನಲ್ಲೂ ಎರಡೆರಡು ಬಾರಿ. ಮಧ್ಯದಿಂದ ಐದು ಅಂತರಗಳ ತ್ರಿಜ್ಯದೊಳಗೆ ಬರುವ ಜಾಲದ ಬಿಂದುಗಳನ್ನು ಎಣಿಸಿದರೆ ಸರಿಯಾಗಿ 81 ಸಿಗುತ್ತವೆ, ಹಿಗ್ಗಿದ ದಿಕ್ಕಿನಲ್ಲಿ ಅದರ ಅಂಚು ಒಂದು ಕಿ.ಮೀ.ಗೆ ಮುಟ್ಟುತ್ತದೆ. ಎಲ್ಲವೂ ಒಂದೇ ತಲದಲ್ಲಿದ್ದು ಆ ತಲವು ಸೂರ್ಯನಿಗೆ ಹೆಚ್ಚುಕಡಿಮೆ ಮುಖಮಾಡಿರುವುದರಿಂದ ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದಿಲ್ಲ ಎಂಬುದು ಈ ಜೋಡಣೆಯ ಮತ್ತೊಂದು ಅನುಕೂಲ.

ಆದರೆ ಒಂದೇ ತಲದ ವ್ಯೂಹಕ್ಕೆ ಟ್ಯಾಂಡೆಮ್-ಎಕ್ಸ್ ಜೋಡಿಗಿದ್ದ ರಕ್ಷಣೆ ಇಲ್ಲ. ನೆರೆಯ ಎರಡು ಉಪಗ್ರಹಗಳು ಸಮ ಎತ್ತರಕ್ಕೆ ಬಂದ ಗಳಿಗೆಯಲ್ಲಿ ಅವನ್ನು ಬೇರೆಯಾಗಿ ಇರಿಸಿರುವುದು ಹಿಂದು-ಮುಂದಿನ 200 ಮೀಟರ್ ಮಾತ್ರ. ಒಂದು ಉಪಗ್ರಹದ ಥ್ರಸ್ಟರ್ ಕೆಟ್ಟು, ಅದರ ಕಕ್ಷೆಯ ಅರ್ಧ ದೀರ್ಘಾಕ್ಷದಲ್ಲಿ ಒಂದೇ ಒಂದು ಮೀಟರ್ ವ್ಯತ್ಯಾಸ ಉಳಿದರೂ, ದಿನಕ್ಕೆ 140 ಮೀಟರಿನ ಲೆಕ್ಕದಲ್ಲಿ ಒಂದೂವರೆ ದಿನದೊಳಗೆ ಅದು ನೆರೆಯದರ ದಾರಿಗೆ ಬಂದುಬಿಡುತ್ತದೆ. ಅಷ್ಟರೊಳಗೆ ದೋಷವನ್ನು ಗುರುತಿಸಿ, ಸುತ್ತಲಿನ ಉಪಗ್ರಹಗಳನ್ನು ಸರಿಸಬೇಕು. ಅವು ಸರಿದ ಜಾಗದಲ್ಲಿ ಬೇರೆ ನೆರೆಯವು ಇರುತ್ತವೆ.

ಪ್ರತಿ ಉಪಗ್ರಹಕ್ಕೂ ಸ್ವಲ್ಪ ಅಡ್ಡ ತೂಗಾಟವನ್ನು ಕೊಡುವುದು ಇದಕ್ಕೆ ಒಂದು ಪರಿಹಾರ. ನೆರೆಯವು ಸಮ ಎತ್ತರಕ್ಕೆ ಬಂದಾಗ ಅಡ್ಡಕ್ಕೆ ಒಂದರಿಂದೊಂದು ಇಪ್ಪತ್ತು ಮೀಟರ್ ದೂರವಿರುವಂತೆ ಹೊಂದಿಸಿದರೆ, ಕೆಟ್ಟ ಉಪಗ್ರಹ ತೇಲಿಬಂದರೂ ಮುಟ್ಟದೆ ಹಾದುಹೋಗುತ್ತದೆ. ಅಲ್ಲಿ ಮತ್ತೆ ಭೂಮಿಯ ಉಬ್ಬು ಅಡ್ಡ ಬರುತ್ತದೆ. ಜಾಲದ ಉಪಗ್ರಹಗಳ ದೀರ್ಘವೃತ್ತಗಳು ಎಲ್ಲ ಹಂತಗಳಲ್ಲೂ ಹಂಚಿಕೊಂಡಿರುವುದರಿಂದ, ಪಾತಬಿಂದುಗಳ ವ್ಯತ್ಯಾಸವೊಂದರಿಂದಲೇ ಎಲ್ಲ ಜೋಡಿಗಳಿಗೂ ಈ ರಕ್ಷಣೆಯನ್ನು ಕೊಡಲಾಗದು, ಹಲವು ಉಪಗ್ರಹಗಳಿಗೆ ಓರೆಯ ವ್ಯತ್ಯಾಸವೂ ಬೇಕಾಗುತ್ತದೆ. ಆದರೂ ಅಳತೆಗಳು ಚಿಕ್ಕವಾದ್ದರಿಂದ ತೆರಬೇಕಾದ ಬೆಲೆಯೂ ಚಿಕ್ಕದು. ಇಪ್ಪತ್ತು ಮೀಟರ್ ಅಡ್ಡ ತೂಗಾಟವನ್ನು ಓರೆಯ ವ್ಯತ್ಯಾಸದಿಂದಲೇ ಪಡೆದು ಕಾಯ್ದುಕೊಳ್ಳಲು ವರ್ಷಕ್ಕೆ ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗ ಬದಲಾವಣೆ ಸಾಕು. ನೂರು ಮೀಟರ್ ತೂಗಬೇಕಾದ ಅಂಚಿನ ಉಪಗ್ರಹಗಳಿಗೆ ಸೆಕೆಂಡಿಗೆ ಐದು ಮೀಟರ್. ಭೂಸಮೀಪ ಬಿಂದುವಿನ ತಿರುವನ್ನು ತಡೆದು ಎರಡು ಚಲನೆಗಳ ಹಂತವನ್ನು ಹೊಂದಿಸಿಡಲು, ನನ್ನ ಅಂದಾಜಿನಲ್ಲಿ, ಅಂಚಿನವಕ್ಕೆ ವರ್ಷಕ್ಕೆ ಸೆಕೆಂಡಿಗೆ ಇನ್ನೂ ಆರು ಮೀಟರ್ ಸೇರಿಸಬೇಕು. ಸಣ್ಣ ವಿದ್ಯುತ್ ಥ್ರಸ್ಟರ್ ಹೊತ್ತ ಉಪಗ್ರಹವೊಂದಕ್ಕೆ ಹಲವು ವರ್ಷಗಳ ಕಾಲ ಇಷ್ಟನ್ನು ಒದಗಿಸುವುದು ಕಷ್ಟವಾಗಲಾರದು.